ಹಳೇ ಆಟಕ್ಕೊಂದು ಹಳೇ ಲ್ಯಾಪ್‌ಟಾಪು

"ಆಡೋರು ಯಾರ್ರಿ?"

ಲ್ಯಾಪ್‌ಟಾಪ್ ಅಂಗಡಿಯ ಹನಮಂತ ಕೇಳಿದ್ದು ಸಾದಾ ಪ್ರಶ್ನೆ. ದ್ಯಾಮಪ್ಪ ಮಾತ್ರ ಅದಕ್ಕೆ ಉತ್ತರ ಹೊಂದಿಸಿಕೊಂಡು ಬಂದಿರಲಿಲ್ಲ. ಬೆಟಗೇರಿಯಿಂದ ಗದಗಿನ ಟಾಂಗಾ ಕೂಟದ ಪೇಟೆಯವರೆಗೆ ಆಟೋದಲ್ಲಿ ಕುಳಿತು ರ‍್ಯಾಮು, ಬ್ಯಾಟರಿ, ಚಾರ್ಜರು ಎಂದು ಬಾಯಿಪಾಠ ಮಾಡಿದ್ದೇ ಮಾಡಿದ್ದು. ಆಡುವವರು ಯಾರು ಎಂದು ಅಂಗಡಿಯವನು ಕೇಳಬಹುದೆಂದು ಹೊಳೆದೇ ಇರಲಿಲ್ಲ.

"ನಾನ" ಎಂದುಬಿಟ್ಟ.

ಹನಮಂತ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಬಿಳಿ ಟೊಪ್ಪಿಗೆ, ಅಂಚು ಸವೆದ ಧೋತರ, ಮೂಗಿನ ತುದಿಗೆ ಜಾರಿದ ಚಾಳೀಸು, ಅರವತ್ಮೂರರ ಮುಖ. ಇಂಥ ಗಿರಾಕಿಯನ್ನು ಅವನ ಅಂಗಡಿ ಕಂಡಿರಲಿಲ್ಲ.

"ಯಾವ ಆಟ್ರಿ ಯಜಮಾನ್ರ?"

"ಹಳೇವಪ್ಪಾ. ಟೀವಿಗೆ ಕ್ಯಾಸೆಟ್ ಹಚ್ಚಿ ಆಡ್ತಿದ್ರಲ್ಲ, ಅಂಥಾವು. ಚೆಂಡು ಹೊಡದು ಇಟ್ಟಂಗಿ ಒಡಿಯೂದು, ಕಾರ್ ಓಡಸೂದು. ಬ್ಯಾಸರಾದ್ರ ಇಂಟರ್ನೆಟ್ಟಿನ್ಯಾಗ ಪೇಪರ ಓದೂದು, ಭಜನಿ ಕೇಳೂದು. ಭಾಳ ರೊಕ್ಕದ್ದು ಬ್ಯಾಡ. ಹಳೇದ ಆಗಲಿ, ಗಟ್ಟಿ ಇರಲಿ."

ಹನಮಂತ ನಗಲಿಲ್ಲ. ನಗಬೇಕಿತ್ತು. ಬೆಳಿಗ್ಗೆ ಇದೇ ಮಾತು ಹೇಳಿದಾಗ ದ್ಯಾಮಪ್ಪನ ಹೆಂಡತಿ ಅನ್ನಪೂರ್ಣ ಬಾಯಿಗೆ ಸೆರಗು ಹಚ್ಚಿಕೊಂಡು ಅಡಿಗೆಮನೆಗೆ ಓಡಿದ್ದಳು. ಇವನು ಮಾತ್ರ ಮುಖವನ್ನೇ ದಿಟ್ಟಿಸಿ ನೋಡಿದ, ಆಮೇಲೆ ಮೇಜಿನ ಖಾನೆ ಎಳೆದು ಒಳಗೇನನ್ನೋ ನೋಡಿದ, ಮತ್ತೆ ಮುಖ ನೋಡಿದ.

ದ್ಯಾಮಪ್ಪನಿಗೆ ಒಳಗೊಳಗೇ ಇರಿಸುಮುರಿಸಾಯಿತು. ಬಂದ ಕೆಲಸ ಆಟವಲ್ಲವಲ್ಲ.

ಅವನ ಓಣಿಯ ಇಸಾಕ, ಟೀವಿ ಮಿಕ್ಸರು ರಿಪೇರಿ ಮಾಡುವವನು, ಮುಂಡರಗಿಗೆ ಹೋಗಿ ಸಂಜೆಗೆ ಬರುತ್ತೇನೆಂದು ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಹೋಗಿ ಇಂದಿಗೆ ಹನ್ನೆರಡು ದಿನ. ಅವನು ಬರಲಿಲ್ಲ, ಫೋನು ಹತ್ತಲಿಲ್ಲ. ಅವನ ಚೀಲ ಮಾತ್ರ ನಿನ್ನೆ ಈ ಮಹಡಿ ಅಂಗಡಿಯ ಮುಂದಿನ ಕಟಾಂಜನದ ಕಂಬಿಗೆ, ಮಾರಾಟಕ್ಕಿದ್ದ ಬೇರೆ ಚೀಲಗಳ ಸಾಲಿನಲ್ಲಿ ನೇತಾಡುತ್ತಿತ್ತು. ಲೇಸು, ಗುಂಡಿ ಕೊಳ್ಳಲು ಬಂದಿದ್ದ ಅವನ ಹೆಂಡತಿ ಶಾಹಿಸ್ತಾ ಅದನ್ನು ರಸ್ತೆಯಿಂದಲೇ ಗುರುತು ಹಿಡಿದಳು. ತಾನೇ ಹಚ್ಚಿದ ಹಸಿರು ತೇಪೆಯನ್ನು ಯಾವ ದರ್ಜಿ ಮರೆಯುತ್ತಾಳೆ?

ಠಾಣೆಯವರು ಬರೆದುಕೊಂಡು, ಬರ್ತಾನ ಹೋಗವ್ವಾ ಎಂದಿದ್ದರು. ಓಣಿಯ ಹೆಂಗಸರು ಅವನಿಗೆ ಮುಂಡರಗಿಯಲ್ಲಿ ಇನ್ನೊಂದು ಮನೆ ಇದೆ ಎಂದು ನಳದ ಹತ್ತಿರ ಮಾತಾಡಿಕೊಂಡಿದ್ದರು. ಶಾಹಿಸ್ತಾ ರಾತ್ರಿ ಅನ್ನಪೂರ್ಣಳ ಮಡಿಲಲ್ಲಿ ತಲೆಯಿಟ್ಟು ಅತ್ತವಳು ಕೇಳಿದ್ದು ಒಂದೇ ಮಾತು. "ಕಾಕಾ, ಅವರು ಅದಾರೋ ಇಲ್ಲೋ, ಅಷ್ಟ ಹೇಳ್ರಿ. ಯಾರ ಮನ್ಯಾಗ ಇದ್ರೂ ಇರಲಿ. ಉಸಿರಾಡಾಕ ಹತ್ತ್ಯಾರ ಅಂದ್ರ ಸಾಕು."

ಅಷ್ಟು ಕೇಳಿದ ಮೇಲೆ ಒಲ್ಲೆ ಎನ್ನುವುದು ಹೇಗೆ? ಗದಗ ಜಂಕ್ಷನ್ನಿನ ಪಾರ್ಸಲ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಳೆದುಹೋದ ಗಂಟುಗಳನ್ನು ಹುಡುಕಿಕೊಟ್ಟ ಮನುಷ್ಯ ದ್ಯಾಮಪ್ಪ. ನಿವೃತ್ತಿಯಾದ ಮೇಲೂ ಯಾರ ಮನೆಯಲ್ಲಿ ಏನು ಕಳೆದರೂ ಅವನ ಕಟ್ಟೆಗೇ ಬರುತ್ತಾರೆ. ಆದರೆ ಇಲ್ಲಿಯವರೆಗೆ ಅವನು ಹುಡುಕಿದ್ದೆಲ್ಲ ಸಾಮಾನು. ಮನುಷ್ಯನನ್ನು ಹುಡುಕಿದ್ದಿಲ್ಲ.

ನೆಟ್ಟಗೆ ಹೋಗಿ ಇಸಾಕ ಎಲ್ಲಿ ಎಂದು ಕೇಳಿದರೆ ಅಂಗಡಿಯವನು ಮಾಲು ಮುಚ್ಚಿಟ್ಟು ಕೈ ಕೊಡವುತ್ತಾನೆ. ಅದಕ್ಕೇ ಈ ಗಿರಾಕಿ ವೇಷ. ಶಾಹಿಸ್ತಾ ಎದುರಿನ ಲೇಸಿನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ದ್ಯಾಮಪ್ಪನ ಅಂಗಿಯ ಕಿಸೆಯಲ್ಲಿ ಅವಳು ಕೊಟ್ಟ ಎರಡು ಕಾಗದ. ಒಂದು, ಇಸಾಕ ಲ್ಯಾಪ್‌ಟಾಪ್ ಕೊಂಡಾಗಿನ ಪಾವತಿ. ಅದರ ಮೇಲೆ ಯಂತ್ರದ ನಂಬರು. ಇನ್ನೊಂದು, ಹಳೇ ಲ್ಯಾಪ್‌ಟಾಪ್ ಯಾವುದು ತಗೋಬೇಕು ಎಂದು ಕೇಳಿದವರಿಗೆಲ್ಲ ಇಸಾಕ ಹೇಳುತ್ತಿದ್ದ ಬುದ್ಧಿಮಾತು. ಅದನ್ನು ಅವಳು ಹೊಲಿಗೆ ಅಳತೆಯ ಚೀಟಿಯ ಹಿಂದೆ ಬರೆದುಕೊಟ್ಟಿದ್ದಳು.

ಹನಮಂತ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಜಿನ ಮೇಲೊಂದು ಬೆಳ್ಳಿ ಬಣ್ಣದ ಯಂತ್ರ ತಂದಿಟ್ಟ. "ಇದು ನೋಡ್ರಿ. ಅಗಲ ಪರದಿ, ಹಗರ ಮೈ. ನಿಮ್ಮಂಥಾವ್ರಿಗೆ ಹೇಳಿ ಮಾಡಿಸಿದ್ದು."

ದ್ಯಾಮಪ್ಪ ಚೀಟಿಯನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಓದಿದ. *ಬಣ್ಣ ನೋಡಿ ಮರುಳಾಗಬ್ಯಾಡ್ರಿ. ಮೊದಲ ಮುಚ್ಚಳದ ಕೀಲು ನೋಡ್ರಿ.*

ಮುಚ್ಚಳ ಎತ್ತಿದ. ಅದು ತಂತಾನೇ ಹಿಂದಕ್ಕೆ ಬಿತ್ತು. ಹಿಡಿದು ನಿಲ್ಲಿಸಿದ, ಮತ್ತೆ ಬಿತ್ತು.

"ಇದರ ಕೀಲು ಹೋಗೈತೆಲ್ಲಪ್ಪಾ."

"ಗ್ವಾಡಿಗೆ ಆನಿಸಿ ಇಟ್ರ ನಿಲ್ಲತೈತ್ರಿ."

"ನಾ ಗ್ವಾಡಿ ಹೊತ್ಕೊಂಡು ಅಡ್ಡಾಡ್ಲೇನು?"

ಈಗಲೂ ಹನಮಂತ ನಗಲಿಲ್ಲ. ಸುಮ್ಮನೆ ಅದನ್ನೆತ್ತಿಟ್ಟು ಇನ್ನೊಂದನ್ನು ತಂದ. ಕಪ್ಪು ಬಣ್ಣದ, ದಪ್ಪ ಮೈಯ, ಯಾವುದೋ ಕಚೇರಿಯಲ್ಲಿ ದುಡಿದು ಸೇವೆ ಮುಗಿಸಿ ಬಂದಂಥ ಯಂತ್ರ. ದ್ಯಾಮಪ್ಪನಿಗೆ ಅದರ ಮೇಲೆ ಥಟ್ಟನೆ ಮಮತೆ ಹುಟ್ಟಿತು. ಇಸಾಕನದೂ ಇಂಥದೇ. ಓಣಿಯ ಕಟ್ಟೆಯ ಮೇಲೆ ಕುಳಿತು ಇಸಾಕ ಇಟ್ಟಂಗಿ ಒಡೆಯುವ ಆಟ ಆಡುವಾಗ ಹಿಂದೆ ನಿಂತು ಎಷ್ಟು ಸಲ ನೋಡಿರಲಿಲ್ಲ!

"ಐ ಫೈವ್ ಐತ್ರಿ. ಎಂಟ ಜಿಬಿ ರ‍್ಯಾಮ್. ಎಸ್ಸೆಸ್‌ಡಿ ನಾನ ಹಾಕೀನಿ. ಹಳೇ ಆಟಕ್ಕ ಇದರ ಅರ್ಧಾ ಸಾಕು, ಆದ್ರ ಇಂಟರ್ನೆಟ್ಟಿಗೆ ಬೇಕಾಗತೈತಿ. ಈಗಿನ ವೆಬ್‌ಸೈಟು ಆಟಕ್ಕಿಂತ ಭಾರ ಆಗ್ಯಾವ."

ದ್ಯಾಮಪ್ಪ ತಲೆಯಾಡಿಸಿದ. ಅರ್ಥವಾಗಿದ್ದು ಭಾರ ಎಂಬ ಮಾತೊಂದೇ. ಚೀಟಿ ನೋಡಿದ. *ಎಲ್ಲಾ ಗುಂಡಿ ಒತ್ತಿ ನೋಡ್ರಿ.* ಒತ್ತಿದ, ಎಲ್ಲವೂ ಏಳುತ್ತಿದ್ದವು. *ಚಾರ್ಜರ ಕಿತ್ತು ಬ್ಯಾಟರಿ ನೋಡ್ರಿ.* ಕಿತ್ತ, ಆರಲಿಲ್ಲ. *ತಳ ಮುಟ್ಟಿ ನೋಡ್ರಿ, ಕಾದ ಹಂಚಿನಂಗ ಇದ್ರ ಬ್ಯಾಡ ಅನ್ರಿ.*

ಯಂತ್ರವನ್ನು ಬೋರಲು ಹಾಕಿದ. ತಳ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಆದರೆ ಅವನ ಕಣ್ಣು ಹೋದದ್ದು ತಳಕ್ಕೆ ಅಂಟಿಸಿದ್ದ ನಂಬರಿನ ಚೀಟಿಯ ಮೇಲೆ. ಕಡೆಯ ನಾಲ್ಕು ಅಂಕಿ ಏಳು, ಸೊನ್ನೆ, ಎರಡು, ಒಂಬತ್ತು.

ಕಿಸೆಯ ಪಾವತಿಯನ್ನು ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ನಂಬರು ಮರೆಯುವವನು ಪಾರ್ಸಲ್ ಕಚೇರಿಯಲ್ಲಿ ಮೂರು ದಿನ ಬಾಳುವುದಿಲ್ಲ.

ಇದೇ ಇಸಾಕನ ಲ್ಯಾಪ್‌ಟಾಪು!

ಮುಖದಲ್ಲಿ ತೋರಗೊಡಲಿಲ್ಲ. "ಹಳೇ ಆಟ ಇದರಾಗ ಅದಾವೇನು?"

"ಇಲ್ರಿ. ಎಲ್ಲಾ ಅಳಿಸಿ ಹೊಸಾದಾಗಿ ವಿಂಡೋಸ್ ಹಾಕೀನಿ."

"ಎಷ್ಟ ದಿನಾ ಆತು ಇದು ಬಂದು?"

"ಮೂರ ತಿಂಗಳಾತ್ರಿ. ಹುಬ್ಬಳ್ಳ್ಯಾಗಿನ ಒಂದು ಕಚೇರಿ ಮಾಲು."

ಸುಳ್ಳು ಎಂದುಕೊಂಡ ದ್ಯಾಮಪ್ಪ. ಹನ್ನೆರಡು ದಿನದ ಹಿಂದೆ ಇಸಾಕನ ಹೆಗಲ ಮೇಲಿದ್ದದ್ದು ಮೂರು ತಿಂಗಳಿಂದ ಇಲ್ಲಿರುವುದು ಹೇಗೆ? ಮುಚ್ಚಳ ಮುಚ್ಚಿದ. ಮುಚ್ಚಿದವನು ಹಾಗೇ ಕುಳಿತ.

ಮುಚ್ಚಳದ ನಟ್ಟನಡುವೆ ಒಣಗಿದ ಕುಂಕುಮದ ಬೊಟ್ಟು.

ಅಂಗಡಿಯನ್ನೊಮ್ಮೆ ಸುತ್ತ ನೋಡಿದ. ತಕ್ಕಡಿಯಿಂದ ಟ್ರ್ಯಾಕ್ಟರಿನವರೆಗೆ ಅಮವಾಸ್ಯೆಗೊಮ್ಮೆ ಪೂಜೆ ಮಾಡದ ಅಂಗಡಿ ಗದಗಿನಲ್ಲಿ ಎಲ್ಲಿದೆ? ಹನಮಂತನೂ ಆ ಪೈಕಿಯೇ. ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದ ಲ್ಯಾಪ್‌ಟಾಪು, ಪ್ರಿಂಟರು, ಕೊನೆಗೆ ಗೋಡೆಯ ಪಂಖಾದ ಬುಡಕ್ಕೂ ವಿಭೂತಿ, ಕುಂಕುಮ. ಕಳೆದ ಅಮವಾಸ್ಯೆ ಮುಗಿದು ಒಂಬತ್ತು ದಿನ. ಅಂದರೆ ಈ ಯಂತ್ರ ಒಂಬತ್ತು ದಿನದ ಹಿಂದೆಯೇ ಇಲ್ಲಿತ್ತು. ಇಸಾಕ ಮನೆ ಬಿಟ್ಟ ಮೂರನೆಯ ದಿನಕ್ಕೇ ಮಾರಾಟಕ್ಕೆ ಬಂದಿದೆ. ಜೀವದಂತೆ ಇಟ್ಟುಕೊಂಡಿದ್ದ ವಸ್ತುವನ್ನು ಅವನೇ ಮಾರಿರಲಾರ.

ಕೆಳಗೆ ಮೆಟ್ಟಿಲ ಮೇಲೆ ಕುಳಿತವಳಿಗೆ ಏನು ಹೇಳುವುದು? ನಿನ್ನ ಗಂಡನ ವಸ್ತು ಸಿಕ್ಕಿತು, ಇನ್ನು ಅವನ ಆಸೆ ಬಿಡು ಎಂದೇ?

ನೀರು ಕೇಳೋಣವೆಂದು ತಲೆಯೆತ್ತಿದ. ಆಗ ಕಂಡಿತು. ಹನಮಂತನ ಬೆನ್ನ ಹಿಂದಿನ ಕಪಾಟಿನಲ್ಲಿ, ಹಳೇ ವೈರುಗಳ ಹಿಂದೆ ಅಡ್ಡಲಾಗಿ ಇಟ್ಟ ಇನ್ನೊಂದು ಕಪ್ಪು ಯಂತ್ರ. ಇದರದೇ ಜೋಡಿ. ಅದರ ಮುಚ್ಚಳದ ಮೇಲೆ ಕುಂಕುಮವಿರಲಿಲ್ಲ.

"ಅದು?"

"ಅದು ಕೊಡೂದಲ್ರಿ."

"ನೋಡಾಕ ಏನು?"

"ಒಬ್ಬರು ಹೇಳಿಟ್ಟಾರ್ರಿ. ನಿಮಗ ಇದ ಚಲೋ ಐತೆಲ್ಲ."

"ಕಾಯಿಪಲ್ಲೆ ತಗೊಂಡ್ರೂ ನಾಲ್ಕ ತಿರುವಿ ಹಾಕಿ ತಗೊಳ್ಳಾಂವ ನಾನು. ಒಮ್ಮೆ ಕೈಗೆ ಕೊಡಪ್ಪಾ."

ಹನಮಂತ ಮತ್ತೆ ಖಾನೆಯೊಳಗೆ ಇಣುಕಿದ. ಮತ್ತೆ ದ್ಯಾಮಪ್ಪನ ಮುಖ. ಈ ಮನುಷ್ಯನಿಗೆ ಖಾನೆಯಲ್ಲೇನು ದೇವರಿದ್ದಾನೆಯೇ ಎಂದು ದ್ಯಾಮಪ್ಪನಿಗೆ ರೇಗಿತು. ಕೊನೆಗೆ ಏನೋ ನಿಶ್ಚಯಿಸಿದವನಂತೆ ಹನಮಂತ ವೈರು ಸರಿಸಿ ಯಂತ್ರವನ್ನು ತಂದು ಮೇಜಿನ ಮೇಲಿಟ್ಟ.

ದ್ಯಾಮಪ್ಪ ಮೊದಲು ತಳ ನೋಡಿದ. ನಂಬರು ಬೇರೆ. ಇಸಾಕನದಲ್ಲ. ಮುಚ್ಚಳ ತೆರೆದು ಗುಂಡಿ ಒತ್ತಿದ.

ಪರದೆ ಬೆಳಗಿತು. ನೀಲಿ ಬಣ್ಣದ ಮೇಲೆ ಸಣ್ಣ ಸಣ್ಣ ಚಿತ್ರಗಳ ಸಾಲು. ಕಾರು, ಮೀನು, ಗಿಳಿ, ಮೂಲೆಯಲ್ಲಿ ಕೆಂಪು ಇಟ್ಟಂಗಿ. ಬೆಟಗೇರಿಯ ಕಟ್ಟೆಯ ಮೇಲೆ ಅವನು ನೂರು ಸಲ ನೋಡಿದ್ದ ಸಾಲು ಅದು. ಇಸಾಕನ ಬೆರಳು ಓಡಾಡುತ್ತಿದ್ದ ಸಾಲು.

ಈಗ ನಿಜಕ್ಕೂ ತಲೆ ಗಿರ್ರೆಂದಿತು.

ನಂಬರು ಇಸಾಕನದಿದ್ದ ಯಂತ್ರದಲ್ಲಿ ಆಟಗಳಿಲ್ಲ. ಆಟಗಳಿದ್ದ ಯಂತ್ರಕ್ಕೆ ನಂಬರು ಬೇರೆ. ಯಾವುದು ಇಸಾಕನದು? ಗಂಟಿನ ಮೇಲಿನ ಚೀಟಿಯನ್ನು ನಂಬಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪೀಕಲಾಟ ಬೇರೆ ಬೇಕಾಗಿರಲಿಲ್ಲ. ಚೀಟಿ ಒಂದು ಹೇಳುತ್ತಿದೆ, ಒಳಗಿನ ಮಾಲು ಇನ್ನೊಂದು ಹೇಳುತ್ತಿದೆ.

"ಒಂದ ಆಟ ಆಡಲೇನು?"

"ಆಡ್ರಿ" ಎಂದ ಹನಮಂತ. ಅವನ ದನಿ ಯಾಕೋ ಸಣ್ಣಗಾಗಿತ್ತು.

ದ್ಯಾಮಪ್ಪ ಇಟ್ಟಂಗಿಯ ಮೇಲೆ ಎರಡು ಸಲ ಒತ್ತಿದ. ಟುಂಯ್ ಎಂದು ಸದ್ದು ಮಾಡಿ ಆಟ ಶುರುವಾಯಿತು. ಚೆಂಡು ಬಂದದ್ದೇ ತಿಳಿಯಲಿಲ್ಲ, ಕೆಳಗೆ ಬಿದ್ದೇ ಹೋಯಿತು. ಎರಡನೆಯದಕ್ಕೆ ಬೇರೆ ಗುಂಡಿ ಒತ್ತಿದ. ಮೂರನೆಯದು ಬಂದಾಗ ಚಾಳೀಸು ಜಾರಿತು. ಆಟ ಮುಗಿಯಿತು. ಪರದೆಯ ಮೇಲೆ ಹೆಚ್ಚು ಅಂಕ ಗಳಿಸಿದವರ ಪಟ್ಟಿ ಮೂಡಿತು. ಹತ್ತು ಸಾಲು, ಹತ್ತರಲ್ಲೂ ಒಂದೇ ಹೆಸರು. ಇಸಾಕ. ಪಕ್ಕದಲ್ಲಿ ಅಂಕ, ಅದರ ಪಕ್ಕದಲ್ಲಿ ತಾರೀಖು.

ಎಲ್ಲಕ್ಕಿಂತ ಮೇಲಿನ ಸಾಲಿನ ತಾರೀಖು ಮೊನ್ನೆ ರವಿವಾರದ್ದು.

ಇಂದು ಬುಧವಾರ.

ದ್ಯಾಮಪ್ಪ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿದ. ಹಳೇ ಯಂತ್ರಗಳಲ್ಲಿ ಸಣ್ಣ ಬ್ಯಾಟರಿ ಸತ್ತರೆ ತಾರೀಖು ದಿಕ್ಕೆಡುತ್ತದೆ, ಅದನ್ನೂ ನೋಡಿ ತಗೊಳ್ಳಿ ಎಂದು ಚೀಟಿಯಲ್ಲಿತ್ತು. ಗೋಡೆಯ ಗಡಿಯಾರವೂ ಪರದೆಯ ಗಡಿಯಾರವೂ ಹನ್ನೊಂದೂ ಇಪ್ಪತ್ತು ತೋರಿಸುತ್ತಿದ್ದವು. ತಾರೀಖೂ ಸರಿ. ಯಂತ್ರದ ಬುದ್ಧಿ ನೆಟ್ಟಗಿತ್ತು. ಕೆಟ್ಟದ್ದು ತನ್ನದೇ ಇರಬೇಕು.

ಎರಡೂ ಯಂತ್ರಗಳನ್ನು ಪಕ್ಕಪಕ್ಕದಲ್ಲಿ ಬೋರಲು ಹಾಕಿದ. ಇಂಥ ಹೊತ್ತಿನಲ್ಲಿ ಅವನು ಮಾಡುತ್ತಿದ್ದದ್ದು ಒಂದೇ. ಗಂಟು ಬಿಚ್ಚಿ ಕಟ್ಟಿದ್ದಾರೆಯೇ ನೋಡುವುದು. ಚಾಳೀಸು ಏರಿಸಿ ಬಾಗಿದ. ಎರಡರ ತಳದ ಸ್ಕ್ರೂಗಳ ತಲೆಯ ಮೇಲೂ ಹೊಸ ಗೀರು, ಬೆಳ್ಳಗೆ ಹೊಳೆಯುತ್ತಿದ್ದವು. ಸುತ್ತಲಿನ ಧೂಳು ಹಳೆಯದು, ಗೀರು ಮಾತ್ರ ನಿನ್ನೆ ಮೊನ್ನೆಯದು.

ಹಾಂ!

ನೆಟ್ಟಗಾದ. ಗೊಂದಲ ಪೂರ್ತಿ ಹೋಗಿರಲಿಲ್ಲ, ಆದರೆ ಹಿಡಿಯಲು ಒಂದು ತುದಿ ಸಿಕ್ಕಿತ್ತು. ನಂಬರು ಇರುವುದು ತಳದಲ್ಲಿ, ಆಟ ಇರುವುದು ಮೈಯೊಳಗೆ.

"ಹನಮಂತ," ಎಂದ ಮೆಲ್ಲಗೆ, "ಈ ಎರಡರ ತಳ ಯಾಕ ಅದಲಿ ಬದಲಿ ಮಾಡಿದಿ?"

ಹನಮಂತ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಬದಿಗೆ ಸರಿಸಿದ.

"ಎರಡು ಕೆಟ್ಟದ್ದು ಕೂಡಿಸಿ ಒಂದು ಚಲೋದು ಮಾಡೂದು ನಿಮ್ಮ ಕಸಬು. ಅದು ನನಗ ಗೊತ್ತೈತಿ. ಆದ್ರ ಇವು ಎರಡೂ ಚಲೋ ಅದಾವ. ಸುಮ್ಮನ ಬಿಚ್ಚಿ ಸುಮ್ಮನ ಹಾಕೀದಿ. ಯಾಕ?"

"ಯಜಮಾನ್ರ, ನೀವು ತಗೊಳ್ಳಾಕ ಬಂದೀರೋ, ಜಗಳಾ ಮಾಡಾಕ ಬಂದೀರೋ?"

"ಇನ್ನೊಂದು. ಅಂಗಡ್ಯಾಗಿನ ಸಾಮಾನಿಗೆಲ್ಲ ಕುಂಕುಮ ಐತಿ, ಇದೊಂದಕ್ಕ ಇಲ್ಲ. ಅಂದ್ರ ಇದು ಅಮವಾಸಿ ಮುಗದ ಮ್ಯಾಲ ಬಂದದ್ದು. ಅದನ್ನ ವೈರಿನ ಹಿಂದ ಮುಚ್ಚಿಟ್ಟಿದ್ದಿ. ಹಳೇ ಮಾಲಂತ ತೋರಸೂದಿದ್ರ ಇದಕ್ಕೂ ಒಂದ ಬೊಟ್ಟು ಹಚ್ಚಿಬಿಡೂದಿತ್ತು."

ಹನಮಂತ ತಲೆ ತಗ್ಗಿಸಿದ. "ದಿನಾ ಅಲ್ಲದ ದಿನಾ ಹ್ಯಾಂಗ ಹಚ್ಚಲಿ ಬಿಡ್ರಿ?"

ಗಿರಾಕಿಗೆ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲ ಬಾಯಿ, ಲಕ್ಷ್ಮಿಯ ಮುಂದೆ ಒಂದು ಬೊಟ್ಟಿನ ಸುಳ್ಳಿಗೂ ಹಿಂಜರಿದಿತ್ತು. ದ್ಯಾಮಪ್ಪನಿಗೆ ಅವನ ಮೇಲೆ ಸಿಟ್ಟಿನ ನಡುವೆಯೂ ಸ್ವಲ್ಪ ಗೌರವ ಬಂತು.

"ಮೂರನೇದು ಕೇಳು. ಇಸಾಕ ಮನಿ ಬಿಟ್ಟು ಹನ್ನೆರಡು ದಿನಾ ಆತು. ರವಿವಾರ ಈ ಮಷಿನ್ನಿನ್ಯಾಗ ಯಾರೋ ಕುಂತು ಆಡ್ಯಾರ, ಅವನ ಹೆಸರು ಹಾಕ್ಯಾರ. ಅಂವ ಆಡಿದ್ರ ಜೀವಂತ ಅದಾನ. ಬ್ಯಾರೆ ಯಾರರ ಆಡಿದ್ರ ಅಂವನ್ನ ಏನ ಮಾಡಿದ್ರಿ ಹೇಳು. ಕೆಳಗ ಅವನ ಹೇಣ್ತಿ ಹನ್ನೆರಡು ದಿನದಿಂದ ಅನ್ನಾ ಬಿಟ್ಟು ಕುಂತಾಳ. ಹೇಳದ ನಾ ಈ ಕುರ್ಚಿ ಬಿಟ್ಟು ಏಳಾಂವಲ್ಲ."

ಹೇಣ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಹನಮಂತ ಧಡಕ್ಕನೆ ಎದ್ದ. ಕಟಾಂಜನದ ಹತ್ತಿರ ಹೋಗಿ ಗೋಡೆಗೆ ಮರೆಯಾಗಿ ನಿಂತು ರಸ್ತೆ ನೋಡಿದ. ಅಲ್ಲಿ ನೇತಾಡುತ್ತಿದ್ದ ಹಸಿರು ತೇಪೆಯ ಚೀಲವನ್ನು ಕಿತ್ತುಕೊಂಡು ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ಇದನ್ನ ಹೊರಗ ಹಾಕಿದ್ದ ನನ್ನ ತಪ್ಪಾತು" ಎಂದ ತನಗೆ ತಾನೇ. ಆಮೇಲೆ ದ್ಯಾಮಪ್ಪನ ಕಡೆ ತಿರುಗಿ ವಿಚಿತ್ರವಾದ ಮಾತೊಂದನ್ನು ಕೇಳಿದ. "ಯಜಮಾನ್ರ, ಟೊಪಗಿ ತಗೀರಿ."

"ಏನು?"

"ಒಮ್ಮೆ ಟೊಪಗಿ ತಗೀರಿ. ಚಾಳೀಸನೂ ತಗೀರಿ."

ಇವನಿಗೇನಾದರೂ ತಲೆ ಕೆಟ್ಟಿದೆಯೇ? ಆದರೂ ತೆಗೆದ. ಹನಮಂತ ಖಾನೆಯಿಂದ ಒಂದು ಝೆರಾಕ್ಸ್ ಹಾಳೆ ಎತ್ತಿ ಅವನ ಮುಖದ ಪಕ್ಕದಲ್ಲಿ ಹಿಡಿದು ನೋಡಿದ. ಅತ್ತಿಂದ ಇತ್ತ, ಇತ್ತಿಂದ ಅತ್ತ. ಕೊನೆಗೆ ಉಸಿರು ಬಿಟ್ಟು ಹಾಳೆಯನ್ನು ಮೇಜಿನ ಮೇಲಿಟ್ಟ.

"ನೀವ ಅದೀರಿ. ಮೀಸಿ ಇದ್ದಾಗಿನ ಫೋಟೋ ನೋಡ್ರಿ, ತಿಳೀಲಿಲ್ಲ."

ದ್ಯಾಮಪ್ಪ ಚಾಳೀಸು ಹಾಕಿಕೊಂಡು ಹಾಳೆ ನೋಡಿದ.

ಅವನದೇ ಆಧಾರ್ ಕಾರ್ಡಿನ ಪ್ರತಿ. ಅವನದೇ ಹೆಸರು, ಬೆಟಗೇರಿಯ ಅವನದೇ ಮನೆ. ಕೆಳಗೆ ಹನಮಂತನ ಕೈಬರಹದಲ್ಲಿ ಸೋಮವಾರದ ತಾರೀಖು, ಕಪ್ಪು ಲ್ಯಾಪ್‌ಟಾಪು ಒಂದು, ಮಾರಿದವರು ದ್ಯಾಮಪ್ಪ.

ತಾನು ಹುಡುಕಲು ಬಂದ ಮಾಲನ್ನು ತಾನೇ ಮಾರಿದ್ದೇನೆಯೇ? ನಾಳೆ ಠಾಣೆಯವರು ಈ ಹಾಳೆ ನೋಡಿದರೆ? ಮೂವತ್ತೊಂದು ವರ್ಷ ಒಂದು ದಾರದ ತುಂಡಿಗೂ ಕೈ ಹಚ್ಚದ ಮನುಷ್ಯ ಹಾಳೆಯನ್ನು ಹಿಂದುಮುಂದು ತಿರುವಿ ನೋಡಿದ.

"ಯಾರು... ಯಾರು ಕೊಟ್ರು ಇದನ್ನ?"

"ಇಸಾಕ."

"ಇಸಾಕ? ಸೋಮವಾರ? ಇಲ್ಲಿಗೆ ಬಂದಿದ್ನೇನು? ನಿನ್ನ ಕಣ್ಣಲೆ ನೋಡಿದೇನು?"

"ನೀವು ಕುಂತೀರಲ್ರಿ, ಅದ ಕುರ್ಚಿ ಮ್ಯಾಲ ಕುಂತಿದ್ದ. ಚಾ ಕುಡದ. ಅರ್ಧಾ ಚಾ ಅಂಗಿ ಮ್ಯಾಲ ಚೆಲ್ಲಿಕೊಂಡ."

ದ್ಯಾಮಪ್ಪನ ಕಣ್ಣು ತುಂಬಿ ಬಂದವು. ನಾಚಿಕೆಯಿಲ್ಲದೆ ಒರೆಸಿಕೊಂಡ. ಬದುಕಿದ್ದಾನೆ! ಉಸಿರಾಡುತ್ತಿದ್ದಾನೆ! ಅವಳು ಕೇಳಿದ್ದು ಅಷ್ಟೇ ತಾನೇ? ಈಗಲೇ ಕಟಾಂಜನಕ್ಕೆ ಹೋಗಿ ಕೂಗಿ ಹೇಳಬೇಕೆನಿಸಿತು. ತನ್ನ ಪ್ರತಿ ಇಸಾಕನ ಕೈಗೆ ಹೇಗೆ ಹೋಯಿತು ಎಂಬುದೂ ಆಗ ನೆನಪಾಯಿತು. ಕಳೆದ ನವೆಂಬರಿನಲ್ಲಿ ಪಿಂಚಣಿಗಾಗಿ ತಾನಿನ್ನೂ ಜೀವಂತ ಇದ್ದೇನೆಂದು ಸರ್ಕಾರಕ್ಕೆ ಕಾಗದ ಕಳಿಸಬೇಕಿತ್ತು. ಇಸಾಕನೇ ಕಟ್ಟೆಯ ಮೇಲೆ ಕುಳಿತು ಕಳಿಸಿಕೊಟ್ಟಿದ್ದ.

"ನಾವಿಬ್ರೂ ಲಕ್ಷ್ಮೇಶ್ವರದಾಗ ಒಂದ ಅಂಗಡ್ಯಾಗ ಕೆಲಸಾ ಕಲತಾವ್ರು" ಎಂದ ಹನಮಂತ. "ಅವನ ಮನಿಯಾಕಿಗೆ ನಾ ಯಾರಂತ ಗೊತ್ತಿಲ್ಲ, ಅದಕ್ಕ ನನ್ನ ಕಡೆ ಬಂದಿದ್ದ. ಮಾರಾಕ ಅಲ್ರಿ, ಇಡಾಕ. ಹಳೇ ಮಾಲು ಬಂದ್ರ ಯಾರದರ ಒಂದು ಗುರುತಿನ ಕಾಗದ ಇಟ್ಕೋತೀನಿ ನಾನು. ತನ್ನ ಹೆಸರು ಎಲ್ಲೂ ಬರಬಾರದು ಅಂದ. ನಿಮ್ಮದು ಕೊಟ್ಟ. ಈ ಮುಖದ ಮನಿಶಾ ಹುಡುಕ್ಕೊಂಡು ಬಂದ ಬರ್ತಾನ, ಅವರ ಕೈಗೆ ಅಷ್ಟ ಕೊಡು, ಬ್ಯಾರೆ ಯಾರ ಬಂದ್ರೂ ಇಲ್ಲನ್ನು ಅಂದ."

"ಮತ್ತ ತಳ?"

"ತಳ ಬದ್ಲಿ ಮಾಡು ಅಂತನೂ ಅವನ ಹೇಳಿದ್ರಿ. ನಂಬರ ಹಿಡದು ಹುಡುಕ್ಕೊಂಡು ಬಂದ್ರ ಸಿಗಬಾರದು ಅಂದ."

ದ್ಯಾಮಪ್ಪನ ಕೈ ಕಿಸೆಯ ಮೇಲೆ ಹೋಯಿತು. ನಂಬರಿದ್ದ ಪಾವತಿ ಮಡಿಕೆಯಾಗಿ ಅಲ್ಲೇ ಕುಳಿತಿತ್ತು. ಲೋಕದಲ್ಲಿ ಆ ನಂಬರು ಹಿಡಿದು ಹುಡುಕಬಲ್ಲವರು ಎಷ್ಟು ಜನ? ಆ ಪಾವತಿ ಇದ್ದದ್ದು ಒಬ್ಬಳ ಹತ್ತಿರ.

"ಹನಮಂತ, ಅಂವ ಯಾರಿಗೆ ಅಂಜ್ಯಾನ?"

"ನಾನೂ ಅದನ್ನ ಕೇಳಿದ್ನಿ. ಹೇಳಲಿಲ್ಲ. ಇಲ್ಲಿಂದ ಹೋಗಿ ಶಿರಹಟ್ಟಿ ಬಸ್ ಹತ್ತಿದ, ಅಷ್ಟ ಗೊತ್ತು." ಹನಮಂತ ಬಾಗಿಲ ಕಡೆ ನೋಡಿ, ದನಿ ಇನ್ನೂ ತಗ್ಗಿಸಿದ. "ನಿಮಗ ಹೇಳಂತ ಒಂದ ಮಾತು ಹೇಳ್ಯಾನ್ರಿ. ಎರಡ ಸಲ ನನ್ನ ಬಾಯಿಂದ ಹೇಳಿಸಿ ಹೋಗ್ಯಾನ. 'ಕಾಕಾ, ನಾ ಜೀವಂತ ಅದೀನಿ. ಆದ್ರ ಇದು ಶಾಹಿಸ್ತಾಗ ಗೊತ್ತಾದ ದಿನಾ ನಾ ಜೀವಂತ ಉಳ್ಯಾಂಗಿಲ್ಲ.'"

ಕೆಳಗೆ ಯಾವುದೋ ಗಾಡಿ ಹಾರ್ನು ಬಾರಿಸುತ್ತಲೇ ಇತ್ತು. ದ್ಯಾಮಪ್ಪ ಆ ಮಾತನ್ನು ತಲೆಯೊಳಗೆ ನಾಲ್ಕು ಸಲ ತಿರುವಿ ಹಾಕಿದ. ಯಾವ ಮಗ್ಗುಲಿನಿಂದ ನೋಡಿದರೂ ಅರ್ಥವಾಗಲಿಲ್ಲ. ಶಾಹಿಸ್ತಾ? ರಂಜಾನಿಗೆ ಸುರಕುಂಬಾ ಕೊಟ್ಟು ಕಳಿಸುವ, ಅನ್ನಪೂರ್ಣಳ ಕುಪ್ಪಸ ಹೊಲಿದು ಕೂಲಿ ಬೇಡವೆನ್ನುವ ಶಾಹಿಸ್ತಾ? ರಾತ್ರಿ ಅತ್ತು ಅತ್ತು ದನಿ ಕಳೆದುಕೊಂಡಿದ್ದ ಹುಡುಗಿ? ಅವಳಿಂದ ಅಪಾಯವೋ, ಅವಳ ಬಾಯಿಂದ ಇನ್ನಾರಿಗೋ ತಿಳಿದರೆ ಅಪಾಯವೋ? ಒಂದೇ ಒಂದು ಮಾತು ಹೆಚ್ಚಿಗೆ ಹೇಳಿದ್ದರೆ ಇಸಾಕನ ಗಂಟೇನು ಹೋಗುತ್ತಿತ್ತು!

"ತಗೊಂಡ ಹೋಗ್ರಿ" ಎಂದು ಹನಮಂತ ಕಪ್ಪು ಯಂತ್ರವನ್ನು ಬೇರೊಂದು ಚೀಲಕ್ಕೆ ಹಾಕಿ ಕೊಟ್ಟ. "ಆಟದ ಸಲುವಾಗಿ ತಗೊಂಡ್ನಿ ಅಂತ ಹೇಳ್ರಿ."

ಮಹಡಿಯಿಂದ ಇಳಿಯಲು ಹದಿನಾರು ಮೆಟ್ಟಿಲು. ದ್ಯಾಮಪ್ಪ ಒಂದೊಂದಕ್ಕೂ ಒಂದೊಂದು ನಿರ್ಧಾರ ಮಾಡಿ ಮುಂದಿನದರಲ್ಲಿ ಬದಲಿಸಿದ. ಹೇಳಿಬಿಡಬೇಕು, ಹನ್ನೆರಡು ದಿನ ಅತ್ತವಳಿಗೆ ಮೋಸ ಮಾಡುವುದೇ? ಹೇಳಬಾರದು, ಒಂದು ಜೀವದ ಮಾತು. ಅವಳ ಮುಖ ನೋಡಿ ತೀರ್ಮಾನಿಸಬೇಕು. ಮುಖ ನೋಡಿದರೆ ತನ್ನಿಂದ ಆಗುವುದಿಲ್ಲ.

ಶಾಹಿಸ್ತಾ ಅವನನ್ನು ಕಂಡದ್ದೇ ಎದ್ದು ಗಾಡಿಗಳ ನಡುವೆ ಓಡಿಬಂದಳು. ಬುರ್ಖಾದ ಮುಸುಕು ಹಿಂದಕ್ಕೆ ಸರಿದಿತ್ತು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಕಾಕಾ, ಭಾಳ ಹೊತ್ತಾತಲ್ರಿ! ಆ ಚೀಲದಾಗ ಏನೈತಿ? ಅವರದ ಸಿಕ್ತೇನ್ರಿ?"

"ಇಲ್ಲವ್ವಾ. ಸುಮ್ಮನ ಬಂದ್ರ ಸಂಶಯ ಬರ್ತೈತಂತ ಒಂದು ಹಳೇದು ತಗೊಂಡ್ನಿ. ಇದರ ನಂಬರ ಬ್ಯಾರೆ ಐತಿ."

"ಮತ್ತ ಅವರ ಖಬರ?"

ಈ ಹುಡುಗಿಗೆ ಅವನು ಇಲ್ಲಿಯವರೆಗೆ ಒಂದು ಸುಳ್ಳು ಹೇಳಿದ್ದಿಲ್ಲ. ಈಗ ಒಂದೇ ಉಸಿರಿನಲ್ಲಿ ಎರಡನೆಯದು.

"ಏನೂ ಸಿಗಲಿಲ್ಲವ್ವಾ. ಅದಾನೋ ಇಲ್ಲೋ, ಆ ಅಂಗಡಿಯಾಂವಗೂ ಗೊತ್ತಿಲ್ಲ."

ಅವಳು ಅಲ್ಲೇ ಕುಸಿದು ಕೂರುತ್ತಾಳೆ ಎಂದು ದ್ಯಾಮಪ್ಪ ತೋಳು ಹಿಡಿಯಲು ಕೈ ಚಾಚಿದ್ದ. ಅವಳು ಕುಸಿಯಲಿಲ್ಲ. ಅಳಲೂ ಇಲ್ಲ. ಬಹಳ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರೊಂದನ್ನು ನಿಧಾನವಾಗಿ ಹೊರಗೆ ಬಿಟ್ಟಳು. ಅದು ದುಃಖದ್ದೋ, ಹಗುರಾದದ್ದೋ ಅವನಿಗೆ ತಿಳಿಯಲಿಲ್ಲ. ಮುಸುಕನ್ನು ಮುಂದಕ್ಕೆಳೆದುಕೊಂಡು, ಕಟಾಂಜನದ ಕಡೆ ಒಮ್ಮೆ ಕಣ್ಣೆತ್ತಿ ನೋಡಿ, ಇಷ್ಟು ದಿನ ಅವನು ಕೇಳಿರದ ಶಾಂತವಾದ ದನಿಯಲ್ಲಿ ಹೇಳಿದಳು.

"ಹಂಗಾರ ನಾಳಿಂದ ಹುಡುಕಬ್ಯಾಡ್ರಿ ಕಾಕಾ."